ಒಡೆದರೂ ಉದುರದ ಗಾಜು



ಕಳೆದ ದೀಪಾವಳಿ ಕಾರ್ಯಕ್ರಮದ ರಾತ್ರಿ ನಮ್ಮ ಸದಸ್ಯರೊಬ್ಬರ ಮನೆಗೆ ಕಳ್ಳ ನುಗ್ಗಿದ್ದು ಹಲವರಿಗೆ ಗೊತ್ತೇ ಇದೆ. ಮನೆಯವರೆಲ್ಲ ನಮ್ಮೊಡನೆ ಸಭಾಂಗಣದಲ್ಲಿ ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಿದ್ದ ಹೊತ್ತು ಅದು. ಅಡಿಗೆಮನೆಯ ಹಿಂಬಾಗಿಲಿನ ಗಾಜಿಗೆ ಒಂದೇ ಏಟು; ಕೈ ಒಳಗೆ ತೂರಿಸಿ, ಬೀಗದಲ್ಲೇ ಇದ್ದ ಕೀಲಿಕೈ ತಿರುಗಿಸಿದರೆ ಆಯಿತು. ಅತ್ತೆಯವರು ಕೊಟ್ಟ ಎರಡೆಳೆ ಸರ ಹೋಯಿತು. ಅದಕ್ಕಿಂತ ಹೆಚ್ಚಿನ ಸಂಕಟವೆಂದರೆ, ಮನೆಗೆ ಬಂದ ಮಗು ಕತ್ತಲಲ್ಲಿ ಓಡಿ ಚೂರಿನ ಮೇಲೆ ಕಾಲಿಟ್ಟು, ಆ ರಾತ್ರಿ ಹೊಲಿಗೆ ಹಾಕಿಸಬೇಕಾಯಿತು.

ಆ ಮೇಲೆ ನಾವು ಕೆಲವರು ಕುಳಿತು ಮಾತಾಡುವಾಗ ಒಂದು ಸಂಗತಿ ಹೊಳೆಯಿತು. ನಮ್ಮೂರಿನ ಮನೆಗಳಲ್ಲಿ ಕಿಟಕಿ ಎಂದರೆ ಮೊದಲು ಕಬ್ಬಿಣದ ಸರಳು, ಆಮೇಲೆ ಗಾಜು. ಕಳ್ಳನನ್ನು ತಡೆಯುವುದು ಸರಳಿನ ಕೆಲಸ. ಮಳೆ ಗಾಳಿ ತಡೆಯುವುದಷ್ಟೇ ಗಾಜಿನದು. ಇಂಗ್ಲೆಂಡಿನ ಮನೆಗಳಲ್ಲಿ ಹಾಗಲ್ಲ, ಸರಳು ಕಾಣುವುದೇ ಅಪರೂಪ. ಎರಡೂ ಕೆಲಸ ಗಾಜೇ ಮಾಡಬೇಕು. ಹಾಗಾದರೆ ಆ ಗಾಜು ಎಂಥದ್ದಿರಬೇಕು ಎಂದು ಹುಡುಕುತ್ತ ಹೋದಾಗ ಸಿಕ್ಕ ಚರಿತ್ರೆ ಇದು.

ಕತೆ ಶುರುವಾಗುವುದು 1903ರಲ್ಲಿ, ಫ್ರಾನ್ಸಿನಲ್ಲಿ. ಎದುವಾರ್ ಬೆನೆಡಿಕ್ಟಸ್ ಎಂಬಾತ ಚಿತ್ರಕಾರ, ಬಟ್ಟೆಗಳ ಮೇಲಿನ ವಿನ್ಯಾಸಗಳಿಗೆ ಹೆಸರಾದವನು, ಜೊತೆಗೆ ರಸಾಯನಶಾಸ್ತ್ರದ ಹುಚ್ಚು. ಅವನ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಬುರುಡೆ ಮೇಲಿನ ಹಲಗೆಯಿಂದ ಕೆಳಗೆ ಬಿತ್ತಂತೆ. ಮೈತುಂಬ ಬಿರುಕು ಬಿಟ್ಟಿತು, ಆದರೆ ಚೂರುಗಳು ಚೆದುರಲಿಲ್ಲ, ಬುರುಡೆಯ ಆಕಾರ ಹಾಗೇ ಉಳಿಯಿತು. ಹಿಂದೆಂದೋ ಅದರಲ್ಲಿ ತುಂಬಿಟ್ಟಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಆರಿಹೋಗಿ, ಒಳಮೈಗೆ ತೆಳುವಾದ ಪೊರೆಯಾಗಿ ಅಂಟಿಕೊಂಡಿತ್ತು. ಮುಂದೆ ಮೋಟಾರು ಅಪಘಾತಗಳಲ್ಲಿ ಗಾಜು ತಗುಲಿ ಜನ ಗಾಯಗೊಂಡ ಸುದ್ದಿ ಪತ್ರಿಕೆಯಲ್ಲಿ ಓದಿದಾಗ ಅವನಿಗೆ ಈ ಬುರುಡೆ ನೆನಪಾಯಿತು ಎನ್ನುತ್ತಾರೆ. ಎರಡು ಗಾಜಿನ ಹಾಳೆಗಳ ನಡುವೆ ಒಂದು ಪೊರೆ, ಒಟ್ಟು ಮೂರು ಪದರ. 1909ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ ಇದಕ್ಕೆ 'ಟ್ರಿಪ್ಲೆಕ್ಸ್' ಎಂದು ಹೆಸರಿಟ್ಟ. ಇಂದು ಲ್ಯಾಮಿನೇಟೆಡ್ ಗಾಜು ಎಂದು ನಾವು ಕರೆಯುವುದು ಇದನ್ನೇ.

ಇಂಥ ಗಾಜು ಬಂದ ಕೂಡಲೇ ಜನ ಮುಗಿಬಿದ್ದು ಕೊಂಡರೆಂದು ತಿಳಿಯಬೇಡಿ. ದುಬಾರಿ, ಮೇಲಾಗಿ ಬಿಸಿಲಿಗೆ ಕಾಲಕ್ರಮದಲ್ಲಿ ಹಳದಿಯಾಗುತ್ತಿತ್ತು. ಲಂಡನ್ನಿನ ದೊಡ್ಡ ಅಂಗಡಿಗಳ ಮುಂಭಾಗದಲ್ಲಿ ಸಾದಾ ಗಾಜೇ ಇತ್ತು. ಅದು ಎಷ್ಟು ದುರ್ಬಲವೆಂದು 1912ರ ಮಾರ್ಚ್ 1ರಂದು ಊರಿಗೆಲ್ಲ ಗೊತ್ತಾಯಿತು. ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಮಹಿಳೆಯರು ಕೈಚೀಲಗಳಲ್ಲಿ ಸುತ್ತಿಗೆ ಅಡಗಿಸಿ ತಂದು ರೀಜೆಂಟ್ ಸ್ಟ್ರೀಟ್, ಆಕ್ಸ್‌ಫರ್ಡ್ ಸ್ಟ್ರೀಟುಗಳ ಗಾಜುಗಳನ್ನು ಸಾಲಾಗಿ ಪುಡಿ ಮಾಡಿದರು. (ಅವರ ಕಡೆಗೇ ನಮ್ಮ ಒಲವು, ಆ ಮಾತು ಬೇರೆ.)

ಗಾಜಿನ ಪದರ ಮೊದಲು ಕೆಲಸಕ್ಕೆ ಬಂದದ್ದು ಯುದ್ಧದಲ್ಲಿ, ಮೊದಲ ಮಹಾಯುದ್ಧದ ವಿಷಾನಿಲ ಮುಖವಾಡಗಳ ಕಣ್ಣುಗಾಜಿಗೆ. ನಂತರ ಮೋಟಾರುಗಳಿಗೆ ಬಂತು. 1930ರ ದಶಕದ ಕೊನೆಗೆ ಪಿ.ವಿ.ಬಿ. ಎಂಬ ಹೊಸ ಪ್ಲಾಸ್ಟಿಕ್ ಪೊರೆ ಸಿಕ್ಕಮೇಲೆ ಹಳದಿಯಾಗುವ ತೊಂದರೆ ನೀಗಿತು. ಮನೆಗಳ ಮಟ್ಟಿಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೆಯ ಮಹಾಯುದ್ಧದ ಬಾಂಬುಗಳ ಕಾಲದಲ್ಲೂ ಬ್ರಿಟನ್ನಿನ ಗೃಹಿಣಿಯರು ಕಿಟಕಿಗೆ ಅಡ್ಡಡ್ಡ ಕಾಗದದ ಪಟ್ಟಿ ಅಂಟಿಸಿ ದೇವರ ಮೇಲೆ ಭಾರ ಹಾಕಬೇಕಾಗಿತ್ತು.

ಮ್ಯಾಂಚೆಸ್ಟರ್ ಕಡೆಯ ನಮ್ಮ ಹಿರಿಯರಿಗೆ 1996ರ ಜೂನ್ 15ರ ಶನಿವಾರ ಮರೆತಿರಲಿಕ್ಕಿಲ್ಲ. ಅಂದು ಐ.ಆರ್.ಎ. ಕಾರ್ಪೊರೇಷನ್ ಸ್ಟ್ರೀಟಿನಲ್ಲಿ ಒಂದು ವಾಹನದಲ್ಲಿಟ್ಟ ಸುಮಾರು 1500 ಕಿಲೋ ಬಾಂಬು ಬೆಳಿಗ್ಗೆ 11.17ಕ್ಕೆ ಸಿಡಿಯಿತು. ಮುಂಚಿತವಾಗಿ ಫೋನ್ ಬಂದಿದ್ದರಿಂದ ಪೊಲೀಸರು 75,000ಕ್ಕೂ ಹೆಚ್ಚು ಜನರನ್ನು ಹೊರಸಾಗಿಸಿದ್ದರು, ಒಬ್ಬರೂ ಸಾಯಲಿಲ್ಲ. ಆದರೆ 200ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಹೆಚ್ಚಿನವರು ಬಾಂಬಿನ ಹತ್ತಿರ ಇದ್ದವರಲ್ಲ. ದೂರದಲ್ಲಿ, ಇನ್ನೇನು ಅಪಾಯವಿಲ್ಲ ಎಂದು ನಿಂತಿದ್ದವರು. ಮೇಲಿನಿಂದ ಗಾಜಿನ ಮಳೆ ಸುರಿಯಿತು. ವಾಹನದ ಪಕ್ಕದಲ್ಲೇ ಇದ್ದ ಕೆಂಪು ಅಂಚೆಪೆಟ್ಟಿಗೆ ಮಾತ್ರ ಏನೂ ಆಗದಂತೆ ನಿಂತಿತ್ತು! ಅದಕ್ಕೂ ಮೊದಲು 1992 ಮತ್ತು 1993ರಲ್ಲಿ ಲಂಡನ್ ಸಿಟಿಯ ಬಾಂಬುಗಳು ಇದೇ ಪಾಠ ಕಲಿಸಿದ್ದವು. ಅಲ್ಲಿಂದ ಮುಂದೆ ಕಚೇರಿಗಳಿಗೆ ಕನಿಷ್ಠ 7.5 ಮಿಲಿಮೀಟರ್ ದಪ್ಪದ ಲ್ಯಾಮಿನೇಟೆಡ್ ಗಾಜನ್ನು, ಅದನ್ನು ಬಿಡದೆ ಹಿಡಿಯುವ ಗಟ್ಟಿ ಚೌಕಟ್ಟಿನಲ್ಲಿ ಕೂರಿಸಿ ಎಂಬ ಸಲಹೆ ರೂಢಿಗೆ ಬಂತು. ಚೌಕಟ್ಟು ಸಡಿಲವಿದ್ದರೆ ಇಡೀ ಹಾಳೆಯೇ ಕಿತ್ತು ಒಳಗೆ ಹಾರುತ್ತದೆ.

ಇನ್ನು ಮನೆಗಳಿಗೆ ಬರೋಣ. ಇಲ್ಲಿ ಇನ್ನೊಂದು ಬಗೆಯ ಗಾಜನ್ನು ಬೇರೆಯಾಗಿ ತಿಳಿಯಬೇಕು. ಟಫನ್ಡ್ ಗಾಜನ್ನು ಚೆನ್ನಾಗಿ ಕಾಯಿಸಿ ತಟ್ಟನೆ ತಣಿಸುತ್ತಾರೆ. ಅದು ಸಾದಾ ಗಾಜಿಗಿಂತ ಎಷ್ಟೋ ಗಟ್ಟಿ. ಒಡೆದರೆ ಕಲ್ಲುಸಕ್ಕರೆಯಂತೆ ಸಣ್ಣ ಸಣ್ಣ ಹರಳಾಗುತ್ತದೆ. ಮಕ್ಕಳು ಓಡಿಬಂದು ಬಾಗಿಲಿಗೆ ಡಿಕ್ಕಿ ಹೊಡೆದರೆ ಕತ್ತಿಯಂಥ ಚೂರು ಹೊಟ್ಟೆಗೆ ಹೊಗುವುದಿಲ್ಲ. ಆದರೆ ಕಳ್ಳನಿಗೆ ಅದೂ ಅನುಕೂಲವೇ, ಹರಳೆಲ್ಲ ಉದುರಿ ದಾರಿ ಬಿಡುತ್ತದೆ. ಉದುರದೆ ನಿಲ್ಲುವುದು ಲ್ಯಾಮಿನೇಟೆಡ್ ಮಾತ್ರ. ಅಂಗಡಿಯವರು 'ಸೇಫ್ಟಿ ಗ್ಲಾಸ್' ಎಂದರೆ ಯಾವುದು ಎಂದು ಕೇಳಿ, ಎರಡನ್ನೂ ಆ ಹೆಸರಿನಲ್ಲೇ ಮಾರುತ್ತಾರೆ.

ಇಂಗ್ಲೆಂಡಿನಲ್ಲಿ ಕಟ್ಟಡ ನಿಯಮಗಳ 'ಎನ್' ಭಾಗ 1992ರಲ್ಲಿ ಜಾರಿಗೆ ಬಂದಾಗ, ನೆಲದಿಂದ 800 ಮಿಲಿಮೀಟರಿನೊಳಗಿನ ಗಾಜು, ಬಾಗಿಲು ಮತ್ತು ಅದರ ಪಕ್ಕದಲ್ಲಿ 1500 ಮಿಲಿಮೀಟರಿನೊಳಗಿನ ಗಾಜು ಅಪಾಯವಿಲ್ಲದಂತೆ ಒಡೆಯುವಂಥದ್ದಾಗಿರಬೇಕು ಎಂದಾಯಿತು. 2013ರಲ್ಲಿ ಇದನ್ನು 'ಕೆ' ಭಾಗಕ್ಕೆ ಸೇರಿಸಿದರು. 2015ರಲ್ಲಿ 'ಕ್ಯೂ' ಭಾಗ ಬಂತು: ಬಾಗಿಲಿನ ಗಾಜು ಒಡೆದು ಕೈ ಹಾಕಿ ಬೀಗ ತೆಗೆಯುವಂತಿದ್ದರೆ ಆ ಗಾಜು ಕನಿಷ್ಠ 'ಪಿ1ಎ' ದರ್ಜೆಯದ್ದಿರಬೇಕು. ಒಂದೂವರೆ ಮೀಟರ್ ಎತ್ತರದಿಂದ ನಾಲ್ಕು ಕಿಲೋಗೂ ಮಿಕ್ಕ ಉಕ್ಕಿನ ಗುಂಡನ್ನು ಮೂರು ಬಾರಿ ಬೀಳಿಸಿದರೂ ತೂತು ಬೀಳದಂಥ ಗಾಜು ಎಂದರ್ಥ. ನಮ್ಮ ಸದಸ್ಯರ ಮನೆಯಲ್ಲಿ ನಡೆದದ್ದನ್ನು ನೋಡಿಯೇ ಬರೆದಂತಿದೆ ಈ ನಿಯಮ. ತೊಡಕು ಒಂದೇ, ಅದು ಹೊಸದಾಗಿ ಕಟ್ಟುವ ಮನೆಗಳಿಗೆ ಮಾತ್ರ. ನಮ್ಮಲ್ಲಿ ಬಹಳ ಮಂದಿ ಕೊಂಡಿರುವುದು ಹಳೆಯ ಮನೆ. ಅಲ್ಲಿರುವ ಹಳೆಯ ಗಾಜನ್ನು ಬದಲಿಸಿ ಎಂದು ಯಾರೂ ಬಂದು ಹೇಳುವುದಿಲ್ಲ.

ಗಾಜಿನ ಮೂಲೆಯಲ್ಲಿ ಉಗುರಿನಷ್ಟು ಚಿಕ್ಕ ಗುರುತು ಇರುತ್ತದೆ. ಹಳೆಯದರಲ್ಲಿ ಬಿ.ಎಸ್. 6206 ಎಂದು, ಹೊಸದರಲ್ಲಿ ಬಿ.ಎಸ್. ಇ.ಎನ್. ಎಂದು ಆರಂಭವಾಗುತ್ತದೆ. ನಾವು ನಮ್ಮ ನಮ್ಮ ಮನೆಗಳಲ್ಲಿ ಕನ್ನಡಕ ಹಾಕಿಕೊಂಡು ಹುಡುಕಿದೆವು. ಕಾರ್ಯಕಾರಿ ಸಮಿತಿಯ ಐದು ಮನೆಗಳಲ್ಲಿ ಎರಡರ ಹಿಂಬಾಗಿಲಿಗೆ ಗುರುತೇ ಇರಲಿಲ್ಲ.

ಆ ಸದಸ್ಯರು ಈಗ ಅಡಿಗೆಮನೆ ಬಾಗಿಲಿಗೆ ಲ್ಯಾಮಿನೇಟೆಡ್ ಗಾಜು ಹಾಕಿಸಿದ್ದಾರೆ, ಕೀಲಿಕೈಯನ್ನು ಬೀಗದಲ್ಲಿ ಬಿಡುವುದಿಲ್ಲ. ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಯಾರೋ ಮತ್ತೆ ಪ್ರಯತ್ನಿಸಿದ್ದಾರೆ. ಎಳ್ಳು ಬೀರಲು ಹೋಗಿದ್ದ ನಮ್ಮವರೊಬ್ಬರು ನೋಡಿಬಂದರು: ಜೇಡರ ಬಲೆಯಂತೆ ಬಿರುಕು, ನಾಲ್ಕೈದು ಏಟಿನ ಗುರುತು, ನೆಲದ ಮೇಲೆ ಒಂದು ಹಿಡಿ ಗಾಜಿನ ಪುಡಿ. ಬಾಗಿಲು ಮುಚ್ಚಿದಂತೆಯೇ ಇತ್ತಂತೆ.