ಹಸಿವನ್ನು ಮರಳಿ ತಂದ ಮಾತ್ರೆ



ದಿಲ್ ಎಂದರೆ ಹೃದಯ, ಸುಖ್ ಎಂದರೆ ಸುಖ. ಹೆಸರಿನಲ್ಲೇ ಮನಸ್ಸಿನ ನೆಮ್ಮದಿಯನ್ನು ಕಟ್ಟಿಕೊಂಡ ಊರು ನಮ್ಮ ದಿಲ್‌ಸುಖ್‌ನಗರ. ಕೋಚಿಂಗ್ ಸೆಂಟರು, ಹಾಸ್ಟೆಲ್ಲು, ಬಟ್ಟೆ ಅಂಗಡಿಗಳ ಈ ಗದ್ದಲದಲ್ಲಿ ಕಲಬುರಗಿ, ರಾಯಚೂರು, ಬೀದರ್ ಕಡೆಯಿಂದ ಓದಲು, ದುಡಿಯಲು ಬಂದ ನಮ್ಮವರೂ ಇದ್ದಾರೆ. ಇಲ್ಲಿನ ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟು, ಮಾತ್ರೆಯನ್ನು ಯಾರಿಗೂ ಕಾಣದಂತೆ ಬ್ಯಾಗಿಗೆ ಸೇರಿಸುವ ಒಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಅದು ಖಿನ್ನತೆಯ ಮಾತ್ರೆ ಇರಬಹುದು.

ಅದೇ ಹುಡುಗಿ ಆರು ತಿಂಗಳ ನಂತರ ಊರಿನ ಮದುವೆಗೆ ಹೋಗುತ್ತಾಳೆ ಎಂದುಕೊಳ್ಳಿ. ಅವಳ ನಿದ್ದೆ ಸರಿಯಾಗಿದೆ, ಅಳು ನಿಂತಿದೆ, ಪುಸ್ತಕ ಹಿಡಿದರೆ ಅಕ್ಷರ ತಲೆಗೆ ಹೋಗುತ್ತಿದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. "ಏನವಾ, ಹೈದರಾಬಾದಿನ ನೀರು ಮೈಗೆ ಭಾಳ ಹತ್ಯಾದಲ್ಲ!" ಎಂದು ದೊಡ್ಡಮ್ಮ ನಗುತ್ತಾರೆ. ಆ ರಾತ್ರಿಯೇ ಮಾತ್ರೆ ಕಸದ ಬುಟ್ಟಿಗೆ. ಡಾಕ್ಟರಿಗೆ ಹೇಳುವುದಿಲ್ಲ, ಮನೆಯವರಿಗೂ ಹೇಳುವುದಿಲ್ಲ. ಅಲ್ಲಿಂದ ಕೆಲವು ವಾರಗಳಲ್ಲಿ ಹಳೆಯ ಕತ್ತಲೆ ಮತ್ತೆ ಬಂದರೆ ಯಾರೂ ಆ ನಗೆಮಾತನ್ನು ನೆನಪಿಸಿಕೊಳ್ಳುವುದಿಲ್ಲ.

ಹೀಗೆ ಮಾತ್ರೆ ಬಿಡಬೇಕೆಂದು ಅನ್ನಿಸಿರುವ ಕೇಳುಗರಿಗಾಗಿ ಈ ಸಲ ಒಂದು ಚರಿತ್ರೆ ಹೇಳುತ್ತೇವೆ. ಏಕೆಂದರೆ ಈ ಮಾತ್ರೆಗಳಿಗೂ ಮೈತೂಕಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ, ಮೊದಲ ಮಾತ್ರೆ ಹುಟ್ಟಿದ ದಿನದ್ದು.

1952ರ ಮಾತು. ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನಲ್ಲಿದ್ದ ಸೀ ವ್ಯೂ ಆಸ್ಪತ್ರೆ ಕ್ಷಯರೋಗಿಗಳದ್ದು. ಆಗಿನ್ನೂ ಕ್ಷಯವೆಂದರೆ ಮೂಳೆ ಚಕ್ಕಳವಾಗಿ ಕೆಮ್ಮುತ್ತಾ ಮಲಗುವುದು. ಎಡ್ವರ್ಡ್ ರಾಬಿಟ್ಜೆಕ್, ಇರ್ವಿಂಗ್ ಸೆಲಿಕಾಫ್ ಎಂಬ ಡಾಕ್ಟರುಗಳು ಅಲ್ಲಿನ ರೋಗಿಗಳಿಗೆ ಐಸೋನಿಯಾಜಿಡ್ ಮತ್ತು ಐಪ್ರೋನಿಯಾಜಿಡ್ ಎಂಬ ಎರಡು ಹೊಸ ಔಷಧ ಕೊಟ್ಟು ನೋಡಿದರು. ಊಟದ ತಟ್ಟೆ ದೂರ ತಳ್ಳುತ್ತಿದ್ದವರು ಇನ್ನಷ್ಟು ಬಡಿಸಿ ಎಂದರು. ತೂಕ ಏರಿತು. ಹಾಸಿಗೆ ಹಿಡಿದವರು ಎದ್ದು ಓಡಾಡಿದರು, ವಾರ್ಡಿನಲ್ಲೇ ಕುಣಿದರು. ಆ ಫೋಟೋಗಳು ಪತ್ರಿಕೆಗಳಲ್ಲಿ ಬಂದವು. ಅದರಲ್ಲೂ ಐಪ್ರೋನಿಯಾಜಿಡ್ ತೆಗೆದುಕೊಂಡವರ ಹುರುಪು ಎದ್ದು ಕಾಣುತ್ತಿತ್ತು. ಶ್ವಾಸಕೋಶದ ಮದ್ದು ಮನಸ್ಸನ್ನು ಮುಟ್ಟಿದ್ದು ಹೇಗೆ? ನೇಥನ್ ಕ್ಲೈನ್ ಎಂಬ ಮನೋವೈದ್ಯರು ಅದನ್ನು ಖಿನ್ನತೆಯ ರೋಗಿಗಳಿಗೆ ಕೊಟ್ಟು 1957ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್‌ಲಿಂಗನ್ ಆಸ್ಪತ್ರೆಯ ರೋಲಾಂಡ್ ಕೂನ್ ಇಮಿಪ್ರಮಿನ್ ಎಂಬ ಇನ್ನೊಂದು ಔಷಧದ ಬಗ್ಗೆ ಬರೆದರು. ಖಿನ್ನತೆಗೆ ಮಾತ್ರೆ ಎಂಬ ಯುಗ ಶುರುವಾದದ್ದು ಹೀಗೆ. ಐಪ್ರೋನಿಯಾಜಿಡ್‌ನಿಂದ ಲಿವರ್‌ಗೆ ಪೆಟ್ಟು ಬೀಳುತ್ತಿದ್ದುದರಿಂದ 1961ರಲ್ಲಿ ಅಮೆರಿಕದಲ್ಲಿ ಅದನ್ನು ಹಿಂತೆಗೆದುಕೊಂಡರು. ಆದರೆ ಗಮನಿಸಿ, ಅಂದು ತೂಕ ಏರಿದ್ದನ್ನು ಯಾರೂ ದೂರಲಿಲ್ಲ. ಗುಣವಾಗುತ್ತಿರುವ ಗುರುತು ಅದೇ ಆಗಿತ್ತು.

ಅದೇ ಹೊತ್ತಿಗೆ ನಮ್ಮ ಕಡೆ ಏನಾಗುತ್ತಿತ್ತು? ನಿಜಾಮರ ಕಾಲದಲ್ಲಿ ಜಾಲ್ನಾದಲ್ಲಿದ್ದ ಮಾನಸಿಕ ಆಸ್ಪತ್ರೆ 1953ರಲ್ಲಿ ಹೈದರಾಬಾದಿಗೆ, ಇಂದಿನ ಎರ್ರಗಡ್ಡಕ್ಕೆ ಬಂತು. ಆಗ ಕಲಬುರಗಿ, ರಾಯಚೂರು, ಬೀದರ್ ಎಲ್ಲವೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು, 1956ರವರೆಗೆ. ಅತ್ತ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಇಂದು ದಿಲ್‌ಸುಖ್‌ನಗರದಲ್ಲಿ ಕೆಂಪು ಲೈನಿನ ಮೆಟ್ರೊ ಹತ್ತಿದರೆ ಗಾಡಿ ಬದಲಿಸದೆ ಎರ್ರಗಡ್ಡದಲ್ಲಿ ಇಳಿಯಬಹುದು. "ಎರ್ರಗಡ್ಡಕ್ಕೆ ಹೋಗಬೇಕೇನು?" ಎಂದು ಗೆಳೆಯರನ್ನು ಛೇಡಿಸುವ ಈ ಊರಿನಲ್ಲಿ, ದಾರಿ ಸುಲಭವಾದಷ್ಟು ಸಂಕೋಚ ಕಳೆದಿಲ್ಲ.

ತೂಕದ ಕಥೆ ತಿರುವು ಪಡೆದದ್ದು ಅಮಿಟ್ರಿಪ್ಟಿಲಿನ್ ಬಂದ ಮೇಲೆ. 1961ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಮಾತ್ರೆ ನಮ್ಮಲ್ಲೂ ಮನೆಮಾತಾಯಿತು. ತಲೆನೋವಿಗೆ, ನರದ ನೋವಿಗೆ ಅದನ್ನು ಈಗಲೂ ಕೊಡುತ್ತಾರೆ. ಅದನ್ನು ತೆಗೆದುಕೊಂಡವರಲ್ಲಿ ತೂಕ ಏರುವುದು, ಹಸಿವು ಹೆಚ್ಚುವುದು, ಸಿಹಿ ಮತ್ತು ಹಿಟ್ಟಿನ ತಿಂಡಿಗಳಿಗೆ ನಾಲಿಗೆ ಹಾತೊರೆಯುವುದು ಕಂಡುಬರುತ್ತದೆ ಎಂದು ಯೂಜೀನ್ ಪೇಕೆಲ್ ಮತ್ತು ಸಂಗಡಿಗರು 1973ರಲ್ಲಿ ಬ್ರಿಟಿಷ್ ಮನೋವೈದ್ಯ ಪತ್ರಿಕೆಯಲ್ಲಿ ಬರೆದರು. ಅಂದರೆ "ನಾಲಿಗೆ ಮೇಲೆ ಹಿಡಿತ ಇಲ್ಲ" ಎಂದು ನೀವು ನಿಮ್ಮನ್ನೇ ಬೈದುಕೊಳ್ಳುವ ಆ ಆಸೆ, ಐವತ್ತು ವರ್ಷ ಹಿಂದೆಯೇ ಔಷಧದ ಅಡ್ಡ ಪರಿಣಾಮ ಎಂದು ದಾಖಲಾಗಿದೆ.

ಇದು ಹೇಗೆ ಆಗುತ್ತದೆ? ಮೆದುಳಿನಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ನಮ್ಮನ್ನು ಎಚ್ಚರವಾಗಿಡುತ್ತದೆ, ಹಸಿವಿಗೆ ಲಗಾಮು ಹಾಕುತ್ತದೆ. ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್‌ನಂಥ ಮಾತ್ರೆಗಳು ಅದಕ್ಕೆ ಅಡ್ಡಗಟ್ಟುತ್ತವೆ. ಸಣ್ಣ ಮಕ್ಕಳು ಊಟ ಮಾಡುವುದಿಲ್ಲ ಎಂದಾಗ ಕೊಡುವ ಹಸಿವಿನ ಸಿರಪ್ ನೆನಪಿದೆಯೇ? ಅಂಥ ಎಷ್ಟೋ ಸಿರಪ್‌ಗಳಲ್ಲಿ ಇರುವ ಸೈಪ್ರೋಹೆಪ್ಟಡಿನ್ ಮಾಡುವ ಕೆಲಸವೂ ಇದೇ. ಮೇಲಾಗಿ ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುತ್ತದೆ. ಬಾಯಾರಿಕೆಗೆ ನೀರಿನ ಬದಲು ಕೂಲ್‌ಡ್ರಿಂಕ್ಸ್ ಅಥವಾ ದಿನಕ್ಕೆ ಐದು ಇರಾನಿ ಚಹಾ ಕುಡಿದರೆ ಸಕ್ಕರೆಯ ಲೆಕ್ಕ ನೀವೇ ಹಾಕಿ.

1987ರ ಕೊನೆಯಲ್ಲಿ ಅಮೆರಿಕದಲ್ಲಿ ಫ್ಲುವೊಕ್ಸೆಟಿನ್ ಬಂತು. ಮೊದಲ ಕೆಲವು ವಾರ ತೂಕ ತುಸು ಇಳಿಯುವುದನ್ನು ಕಂಡು, ಇದನ್ನು ಬೊಜ್ಜಿಗೂ ಕೊಡಬಹುದೇ ಎಂದು ಪರೀಕ್ಷೆ ನಡೆಸಿದವರುಂಟು. ಆದರೆ ಇಳಿದ ತೂಕ ತಿಂಗಳುಗಳಲ್ಲಿ ಮರಳುತ್ತಿತ್ತು. ಈ ಮಾತ್ರೆಗೆ ನಮ್ಮ ನಗರದ ನಂಟೂ ಇದೆ. 2001ರ ಆಗಸ್ಟ್‌ನಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 40 ಮಿಲಿಗ್ರಾಂ ಫ್ಲುವೊಕ್ಸೆಟಿನ್ ಅನ್ನು 180 ದಿನಗಳ ವಿಶೇಷ ಹಕ್ಕಿನೊಂದಿಗೆ ಅಮೆರಿಕದಲ್ಲಿ ಮಾರಾಟಕ್ಕೆ ಇಳಿಸಿತು. ಅಂಥ ಹಕ್ಕು ಪಡೆದ ಮೊದಲ ಭಾರತೀಯ ಕಂಪನಿ ಅದು.

ಇದಕ್ಕೆ ತಿರುಗುಮುರುಗಾದ ಕಥೆ ಸಿಬುಟ್ರಮಿನ್‌ನದು. ಖಿನ್ನತೆಗೆಂದು ತಯಾರಿಸಿದ ಆ ಔಷಧ ಖಿನ್ನತೆಗೆ ಒದಗಲಿಲ್ಲ, ತೂಕ ಇಳಿಸಿತು. 1997ರಲ್ಲಿ ಅಮೆರಿಕದಲ್ಲಿ ಬೊಜ್ಜಿನ ಮಾತ್ರೆಯಾಗಿ ಒಪ್ಪಿಗೆ ಪಡೆಯಿತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಕಂಡು 2010ರಲ್ಲಿ ಯುರೋಪ್, ಅಮೆರಿಕ ಎರಡೂ ಕಡೆ ನಿಂತಿತು. ಆದರೂ "ಗಿಡಮೂಲಿಕೆ" ಎಂದು ಹೇಳಿಕೊಳ್ಳುವ ತೂಕ ಇಳಿಸುವ ಪುಡಿಗಳಲ್ಲಿ ಅದು ಕಲಬೆರಕೆಯಾಗಿ ಸಿಕ್ಕಿಬಿದ್ದದ್ದುಂಟು. ಖಿನ್ನತೆಯ ಮಾತ್ರೆಯ ಜೊತೆ ಅದು ಸೇರಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಡಾಕ್ಟರನ್ನು ಕೇಳದೆ ಯಾವ ಪುಡಿಯನ್ನೂ ಮುಟ್ಟಬೇಡಿ.

ಹಾಗಾದರೆ ಈಗಿನ ಮಾತ್ರೆಗಳು ಎಷ್ಟು ದಪ್ಪ ಮಾಡುತ್ತವೆ? 2024ರಲ್ಲಿ ಅಮೆರಿಕದ ಸುಮಾರು 1 ಲಕ್ಷ 83 ಸಾವಿರ ಜನರ ದಾಖಲೆ ನೋಡಿ ಎಂಟು ಮಾತ್ರೆಗಳನ್ನು ಹೋಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಆರು ತಿಂಗಳಲ್ಲಿ ಸರ್ಟ್ರಲಿನ್ ಗುಂಪಿಗಿಂತ ಎಸಿಟಲೋಪ್ರಾಮ್ ಗುಂಪಿನವರು ಸರಾಸರಿ 400 ಗ್ರಾಂನಷ್ಟು ಹೆಚ್ಚು ಏರಿದ್ದರು, ಬ್ಯುಪ್ರೋಪಿಯಾನ್ ಗುಂಪಿನವರು 200 ಗ್ರಾಂನಷ್ಟು ಕಡಿಮೆ. ಇದು ಸರಾಸರಿ. ಒಬ್ಬರಿಗೆ ಏನೂ ಆಗದಿರಬಹುದು, ಇನ್ನೊಬ್ಬರಿಗೆ ಆರು ಕಿಲೋ ಏರಬಹುದು. ಏರಿದವರ ಸಂಕಟ ಸುಳ್ಳಲ್ಲ. ಆದರೆ ಮಾತ್ರೆ ಮಾತ್ರೆಗೂ ವ್ಯತ್ಯಾಸ ಇದೆ ಎಂದರೆ, ಬದಲಿಸುವ ದಾರಿಯೂ ಇದೆ ಎಂದೇ ಅರ್ಥ.

ಇಲ್ಲಿ ಸೀ ವ್ಯೂ ಆಸ್ಪತ್ರೆಯ ಪಾಠ ನೆನಪಿಸಿಕೊಳ್ಳಿ. ಏರಿಕೆಯಲ್ಲಿ ಎರಡು ಬಗೆ. ಖಿನ್ನತೆಯಲ್ಲಿ ಊಟ ಬಿಟ್ಟು ಕಳೆದುಕೊಂಡಿದ್ದು ಮರಳಿ ಬರುವುದು ಒಂದು, ಅದು ಗುಣದ ಲಕ್ಷಣ. ಅದನ್ನು ದಾಟಿ ಏರುವುದು ಇನ್ನೊಂದು. ಯಾವುದೆಂದು ತಿಳಿಯಬೇಕಾದರೆ ಲೆಕ್ಕ ಬೇಕು. ಕಾಯಿಲೆಗೆ ಮುಂಚೆ ಎಷ್ಟಿತ್ತು, ಮಾತ್ರೆ ಶುರುಮಾಡಿದ ದಿನ ಎಷ್ಟು ಎಂದು ಬರೆದಿಡಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ. ಸೊಂಟದ ಸುತ್ತಳತೆಯನ್ನೂ ನೋಡಿ. ಭಾರತೀಯ ತಜ್ಞರು 2009ರಲ್ಲಿ ಹಾಕಿಕೊಟ್ಟ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಸಂಶೋಧಕರು ಶೇಕಡಾ 5ರ ಏರಿಕೆಯನ್ನು ಗಣನೀಯ ಎನ್ನುತ್ತಾರೆ. 60 ಕಿಲೋ ಇದ್ದವರಿಗೆ ಅದು 3 ಕಿಲೋ. ಅಷ್ಟಾದರೆ ಆ ಚೀಟಿ ಹಿಡಿದು ಡಾಕ್ಟರ ಬಳಿ ಹೋಗಿ. ಪ್ರಮಾಣ ತಗ್ಗಿಸುವುದೋ, ಬೇರೆ ಮಾತ್ರೆಯೋ, ಥೈರಾಯ್ಡ್ ಮತ್ತು ಶುಗರ್ ಪರೀಕ್ಷೆಯೋ ಅವರು ನೋಡುತ್ತಾರೆ. ಬ್ಯುಪ್ರೋಪಿಯಾನ್ ಎಲ್ಲರಿಗೂ ಆಗಿಬರುವುದಿಲ್ಲ, ಫಿಟ್ಸ್ ಇರುವವರಿಗೆ ಕೊಡುವಂತಿಲ್ಲ. ಆದ್ದರಿಂದ ಗೆಳತಿಯ ಮಾತ್ರೆ ನಿಮಗಲ್ಲ.

ಒಮ್ಮೆಲೇ ನಿಲ್ಲಿಸುವುದು ಮಾತ್ರ ಬೇಡ. ತಲೆ ತಿರುಗುವುದು, ನಿದ್ದೆಗೆಡುವುದು, ತಲೆಯೊಳಗೆ ಕರೆಂಟು ಹೊಡೆದಂತಾಗುವುದು ಉಂಟು. ಕಾಯಿಲೆ ಮರುಕಳಿಸುವ ಅಪಾಯ ಬೇರೆ.

ಊಟದ ವಿಷಯಕ್ಕೆ ದೂರ ಹೋಗಬೇಕಿಲ್ಲ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಆರಂಭಿಸಿ, 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ತಾರ್ನಾಕಾದಲ್ಲೇ ಇದೆ. 2024ರಲ್ಲಿ ಅದು ಪರಿಷ್ಕರಿಸಿದ ಸಲಹೆಯ ಸಾರ ಸರಳ: ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು; ಉಳಿದದ್ದರಲ್ಲಿ ಧಾನ್ಯ, ಬೇಳೆಕಾಳು, ಮೊಸರು. ನಮ್ಮ ಜೋಳದ ರೊಟ್ಟಿ, ಪುಂಡಿಪಲ್ಲೆ, ಹೆಸರುಕಾಳಿಗೆ ಅಲ್ಲಿ ಜಾಗ ಇದೆ. ಉಪವಾಸ ಬೇಡ, ರಾತ್ರಿಯ ಹಸಿವು ಇನ್ನೂ ಜೋರಾಗುತ್ತದೆ. ಸಂಜೆ ಮನೆಗೆ ಬರುವಾಗ ಮೂಸಾರಾಂಬಾಗ್‌ನಲ್ಲೇ ಇಳಿದು ದಿಲ್‌ಸುಖ್‌ನಗರಕ್ಕೆ ನಡೆದುಬಿಡಿ. ನಡಿಗೆ ತೂಕಕ್ಕೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು.

ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಇನ್ನು ಮಾತ್ರೆ ತೆಗೆದುಕೊಳ್ಳದ ಕೇಳುಗರಿಗೆ ಒಂದು ಮಾತು. ಮುಂದಿನ ಮದುವೆಯಲ್ಲಿ ಮೈ ತುಂಬಿಕೊಂಡ ಯಾರಾದರೂ ಎದುರಾದರೆ, ಮೈ ನೋಡಿ ಮಾತಾಡುವ ಬದಲು "ಚೆನ್ನಾಗಿದ್ದೀಯಾ?" ಎಂದು ಕೇಳಿ. ಹೌದು ಎಂದರೆ, ಅಷ್ಟು ಸಾಕಲ್ಲವೇ?

ಮತ್ತೆ ಸಿಗೋಣ.