ಮುರೈಸೀ ನೀರಿನ ಬಳಿಯ ಜಗಳ

ಮನೆ, ವ್ಯಾಪಾರಗಳನ್ನು ಮಕ್ಕಾದಲ್ಲೇ ಬಿಟ್ಟು ಮದೀನಾ ತಲುಪಿದ ಮುಹಾಜಿರ್‌ಗಳಿಗೆ ತಮ್ಮ ಖರ್ಜೂರದ ತೋಟಗಳನ್ನೇ ಪಾಲು ಮಾಡಿಕೊಡಲು ಅನ್ಸಾರ್‌ಗಳು ಮುಂದಾದರು. ಪ್ರವಾದಿ(ಸ) ಒಪ್ಪಲಿಲ್ಲ. ತೋಟ ಅನ್ಸಾರ್‌ಗಳದ್ದಾಗಿಯೇ ಉಳಿದು, ಮುಹಾಜಿರ್‌ಗಳು ದುಡಿಮೆಯಲ್ಲಿ ಕೈಜೋಡಿಸಿ ಫಸಲಿನಲ್ಲಿ ಪಾಲು ಪಡೆಯುವ ಏರ್ಪಾಡಾಯಿತು. ಈ ಸಹೋದರತ್ವದ ಕಥೆಯನ್ನು ನಾವು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತೇವೆ. ಅದೇ ಸಮಾಜದಲ್ಲಿ ಕೆಲವೇ ವರ್ಷಗಳ ಬಳಿಕ ನಡೆದ ಒಂದು ಜಗಳವನ್ನು ಮಾತ್ರ ಅವಸರದಲ್ಲಿ ದಾಟಿಬಿಡುತ್ತೇವೆ.

ಅದು ಬನೂ ಮುಸ್ತಲಿಕ್ ದಂಡಯಾತ್ರೆಯ ಸಂದರ್ಭ. ಹಿಜರಿ 5 ಎಂದು ಕೆಲವು ಚರಿತ್ರೆಕಾರರೂ 6 ಎಂದು ಇನ್ನು ಕೆಲವರೂ ಬರೆದಿದ್ದಾರೆ. ಕಾದಾಟ ಮುಗಿದಿತ್ತು. ಮುರೈಸೀ ಎಂಬ ನೀರಿನ ತಾಣದಲ್ಲಿ ಜನರ ನೂಕುನುಗ್ಗಲು. ಉಮರ್(ರ)ರ ಕುದುರೆ ನಡೆಸುತ್ತಿದ್ದ ಗಿಫಾರ್ ಕುಲದ ಕೂಲಿಯಾಳು ಜಹ್‌ಜಾಹ್‌ರಿಗೂ, ಖಝ್‌ರಜರ ಮಿತ್ರರಾದ ಜುಹೈನಾ ಕುಲದ ಸಿನಾನ್‌ರಿಗೂ ಕೈಕೈ ಹತ್ತಿತು. ಒಬ್ಬರು ಮುಹಾಜಿರ್‌ಗಳನ್ನೂ ಇನ್ನೊಬ್ಬರು ಅನ್ಸಾರ್‌ಗಳನ್ನೂ ಹೆಸರೆತ್ತಿ ಕೂಗಿದರು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಇವರಲ್ಲಿ ಒಬ್ಬರೂ ಕುರೈಶರಲ್ಲ. ಔಸ್, ಖಝ್‌ರಜರವರೂ ಅಲ್ಲ. ಆದರೂ ಕೂಗು ಕೇಳಿದೊಡನೆ ಎರಡು ಗುಂಪುಗಳು ಎದ್ದು ನಿಂತವು. ಅಜ್ಞಾನಕಾಲದ ಈ ಕರೆ ಏಕೆ, ಇದು ದುರ್ವಾಸನೆಯದು, ಬಿಟ್ಟುಬಿಡಿ ಎಂದು ಪ್ರವಾದಿ(ಸ) ತಡೆದರು.

ನೀರಿನ ಜಗಳವನ್ನು ದ್ವೇಷವಾಗಿ ಬೆಳೆಸಿದವನು ಅಬ್ದುಲ್ಲಾ ಇಬ್ನು ಉಬಯ್ಯ್. ಹಿಜ್ರತ್‌ಗೆ ಮುನ್ನ ಮದೀನಾದವರು ಇವನಿಗೆ ಕಿರೀಟ ತೊಡಿಸಲು ಸಿದ್ಧರಾಗಿದ್ದರು. ಕಳೆದುಕೊಂಡದ್ದರ ಲೆಕ್ಕ ಅವನಲ್ಲೂ ಇತ್ತು. ವಲಸಿಗರು ನಮ್ಮ ನೆಲದಲ್ಲೇ ಹೆಚ್ಚಿಕೊಂಡು ನಮ್ಮೊಡನೆ ಪೈಪೋಟಿಗಿಳಿದಿದ್ದಾರೆ, ಇವರಿಗೆ ಕೊಡುವುದನ್ನು ನಿಲ್ಲಿಸಿದರೆ ತಾವೇ ಚದುರಿಹೋಗುತ್ತಾರೆ ಎಂದ. ಅಲ್ಲಿಗೂ ನಿಲ್ಲದೆ, ಮದೀನಾಕ್ಕೆ ಮರಳಿದ ಮೇಲೆ ಮಾನವಂತರು ಹೀನರನ್ನು ಹೊರಹಾಕುವರೆಂದ. ಅನ್ನ ನೀರಿನಿಂದ ಹೊರಟ ಮಾತು ಮನುಷ್ಯನ ಹುಟ್ಟು, ಘನತೆಗೆ ಬಂದು ಮುಟ್ಟಿತು. ಸೂರಃ ಅಲ್ ಮುನಾಫಿಕೂನ್‌ನ 7ನೆಯ ಸೂಕ್ತದಲ್ಲಿ ಮೊದಲ ಮಾತೂ 8ನೆಯದರಲ್ಲಿ ಎರಡನೆಯದೂ ದಾಖಲಾಗಿವೆ. ಕೊಡುವುದನ್ನು ನಿಲ್ಲಿಸಿ ಎಂದವರಿಗೆ ಕುರ್‌ಆನ್ ಕೊಟ್ಟ ಉತ್ತರ ಭೂಮಿ ಆಕಾಶಗಳ ಭಂಡಾರಗಳ ಒಡೆಯ ಯಾರೆಂಬುದರ ಕುರಿತಾಗಿದೆ ಎಂಬುದು ನಮಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ.

ಅವನನ್ನು ಕೊಲ್ಲಲು ಉಮರ್(ರ) ಅನುಮತಿ ಕೇಳಿದರು. ಮುಹಮ್ಮದ್ ತನ್ನ ಸಂಗಾತಿಗಳನ್ನೇ ಕೊಲ್ಲುತ್ತಾನೆಂದು ಜನ ಆಡಿಕೊಳ್ಳುವರೆಂದು ಪ್ರವಾದಿ(ಸ) ನಿರಾಕರಿಸಿದರು. ಸಾಮಾನ್ಯವಾಗಿ ಪಯಣಿಸದ ಹೊತ್ತಿನಲ್ಲೇ ಸೈನ್ಯವನ್ನು ಹೊರಡಿಸಿ, ಹಗಲು ರಾತ್ರಿ ನಡೆಸಿದರು. ಕೊನೆಗೆ ತಂಗಿದಾಗ ನೆಲಕ್ಕೆ ಮೈ ತಾಗಿದೊಡನೆ ಎಲ್ಲರೂ ನಿದ್ದೆ ಹೋದರು. ಹಿಂದಿನ ದಿನದ ಮಾತನ್ನು ಕೆದಕಲು ಯಾರಲ್ಲೂ ತ್ರಾಣವಿರಲಿಲ್ಲ.

ಇಬ್ನು ಉಬಯ್ಯ್‌ನ ಮಾತನ್ನು ಕೇಳಿಸಿಕೊಂಡು ತಿಳಿಸಿದವರು ಎಳೆಯ ಪ್ರಾಯದ ಝೈದ್ ಇಬ್ನು ಅರ್ಕಮ್(ರ). ಅವನು ಆಣೆಯಿಟ್ಟು ಅಲ್ಲಗಳೆದಾಗ ಜನ ಅವನನ್ನೇ ನಂಬಿದರು. ಝೈದ್ ದುಃಖದಿಂದ ಮನೆಯಲ್ಲೇ ಕುಳಿತರು. ಸೂಕ್ತಗಳು ಅವತೀರ್ಣವಾದ ಮೇಲೆ ಪ್ರವಾದಿ(ಸ) ಅವರನ್ನು ಕರೆಸಿ, ಅಲ್ಲಾಹನು ನಿನ್ನ ಮಾತನ್ನು ಸತ್ಯವೆಂದು ದೃಢಪಡಿಸಿದ್ದಾನೆ ಎಂದು ತಿಳಿಸಿದರು.