ಮೂರು ಬಾರಿ ತೆರೆದ ಬಾಗಿಲು: ‘ದಿ ಮಂಕೀಸ್ ಪಾ’ ಕಥೆಯ ಸಂವಿಧಾನ

ಇಂಗ್ಲಿಷ್ ಲೇಖಕ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ (1863–1943) ಅವರ ‘ದಿ ಮಂಕೀಸ್ ಪಾ’, ಅಂದರೆ ‘ಕೋತಿಯ ಪಂಜ’, 1902ರಲ್ಲಿ ಪ್ರಕಟವಾದ ಸಣ್ಣಕಥೆ. ಇದನ್ನು ದುರಾಸೆಗೆ ದೊರೆತ ಶಿಕ್ಷೆಯ ಕಥೆಯೆಂದು ಓದುವುದು ರೂಢಿ. ಘಟನೆಗಳನ್ನು ಜೋಡಿಸಿರುವ ಕ್ರಮವನ್ನು ಗಮನಿಸಿದರೆ ಆ ನೀತಿ ಸಾಲದೆಂದು ತಿಳಿಯುತ್ತದೆ.

ಕಥೆಗೆ ಮೂರು ಭಾಗಗಳು: ಒಂದು ಮಳೆಯ ಸಂಜೆ, ಮರುದಿನದ ಹಗಲು, ಕೆಲವು ದಿನಗಳ ಅನಂತರದ ಒಂದು ರಾತ್ರಿ. ಪ್ರತಿಯೊಂದರಲ್ಲಿಯೂ ವೈಟ್ ದಂಪತಿಗಳ ಮನೆಗೆ ಹೊರಗಿನಿಂದ ಒಂದು ಆಗಮನವಿದೆ. ಮೊದಲು ಬರುವವನು ಭಾರತದಲ್ಲಿ ಇಪ್ಪತ್ತೊಂದು ವರ್ಷ ಕಳೆದ ಸೈನಿಕ ಮಾರಿಸ್. ಮೂವರಿಗೆ ಮೂರು ಮೂರು ವರಗಳನ್ನು ಕೊಡಬಲ್ಲ, ಫಕೀರನೊಬ್ಬ ಮಂತ್ರಿಸಿದ ಪಂಜವನ್ನು ಅವನು ತಂದಿರುತ್ತಾನೆ. ಎರಡನೆಯವನು ಮಗ ಹರ್ಬರ್ಟ್ ದುಡಿಯುವ ಕಂಪನಿಯ ಪ್ರತಿನಿಧಿ. ಗೇಟಿನ ಬಳಿ ಹಿಂಜರಿದು ನಿಂತು, ಕೊನೆಗೆ ಒಳಬಂದು, ಮಗ ಯಂತ್ರಕ್ಕೆ ಸಿಲುಕಿ ಸತ್ತನೆಂದು ತಿಳಿಸುತ್ತಾನೆ. ಪರಿಹಾರಧನ 200 ಪೌಂಡು. ಹಿಂದಿನ ರಾತ್ರಿ ತಂದೆ ಬೇಡಿದ್ದೂ ಅಷ್ಟೇ. ಮೂರನೆಯ ಭಾಗದಲ್ಲಿ ಕೇಳಿಸುವುದು ಬಾಗಿಲು ಬಡಿಯುವ ಸದ್ದು ಮಾತ್ರ.

ನಮ್ಮ ಭಸ್ಮಾಸುರನ ಕಥೆಯಲ್ಲಿ ವರ ಬೇಡುವವನ ಮದವೇ ಅವನನ್ನು ಸುಡುತ್ತದೆ. ವೈಟ್ ಬೇಡಿದ್ದು ಮನೆಯ ಸಾಲ ತೀರಿಸುವಷ್ಟು ಹಣ. ಸಿಂಗಪುರದಲ್ಲಿ ಫ್ಲ್ಯಾಟಿನ ಕಂತು ಕಟ್ಟುತ್ತಿರುವ ಯಾವ ಕುಟುಂಬಕ್ಕೂ ಇದು ದುರಾಸೆಯೆನಿಸದು. ಅದೂ ಮಗನ ಸಲಹೆಯಂತೆ ಬೇಡಿದ್ದು. ಅಪರಾಧ ಇಷ್ಟು ಸಣ್ಣದಾಗಿರುವುದರಿಂದಲೇ ಫಲ ನಮ್ಮನ್ನು ನಡುಗಿಸುತ್ತದೆ.

ಜೇಕಬ್ಸ್ ಇನ್ನೊಂದು ಎಚ್ಚರವನ್ನೂ ವಹಿಸಿದ್ದಾರೆ. ಒಂದರ ಹಿಂದೆ ಒಂದು ಘಟಿಸಿತೆಂದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಾಗದು; ವೈದ್ಯನಾದ ನಾನು ಇದನ್ನು ದಿನವೂ ನೆನಪಿನಲ್ಲಿಡಬೇಕಾಗುತ್ತದೆ. ಕಾರ್ಖಾನೆಯ ಅಪಘಾತಕ್ಕೆ ಪಂಜ ಬೇಕಿಲ್ಲ. ಎರಡನೆಯ ವರವಾಗಿ ಮಗ ಬದುಕಿ ಬರಲೆಂದು ಬೇಡಿದಾಗಲೂ ಒಡನೆ ಏನೂ ನಡೆಯುವುದಿಲ್ಲ. ಸ್ಮಶಾನ ಎರಡು ಮೈಲಿ ದೂರವಿದೆ. ಈ ವಿಳಂಬದಲ್ಲಿ ಓದುಗನ ಸಂಶಯವೂ ಭಯವೂ ಸಮನಾಗಿ ಬೆಳೆಯುತ್ತವೆ.

ಇಲ್ಲಿ ಚಾಂದ್ರಮಾನದ ಏಳನೆಯ ತಿಂಗಳಲ್ಲಿ ಪ್ರೇತಗಳಿಗಾಗಿ ‘ಗೆತಾಯ್’ ಎಂಬ ಹಾಡು-ಕುಣಿತದ ಪ್ರದರ್ಶನಗಳು ನಡೆಯುತ್ತವೆ. ಮುಂದಿನ ಸಾಲಿನ ಕುರ್ಚಿಗಳನ್ನು ಖಾಲಿ ಬಿಡುತ್ತಾರೆ. ಅವು ಅದೃಶ್ಯ ಅತಿಥಿಗಳಿಗೆ ಮೀಸಲು. ಖಾಲಿ ಕುರ್ಚಿಯನ್ನು ನೋಡುವವನ ಮನಸ್ಸೇ ಅಲ್ಲಿ ಯಾರನ್ನೋ ಕೂರಿಸುತ್ತದೆ. ಈ ಕಥೆಯ ಕೊನೆಯೂ ಅಂಥದೇ. ಬಾಗಿಲಾಚೆ ನಿಂತದ್ದು ಏನೆಂದು ಲೇಖಕರು ತೋರಿಸುವುದಿಲ್ಲ. ಮೂರನೆಯ ವರದ ಮಾತುಗಳನ್ನೂ ಕೇಳಿಸುವುದಿಲ್ಲ. ತಾಯಿ ಕುರ್ಚಿಯೇರಿ ಅಗುಳಿ ತೆಗೆಯುವಷ್ಟರಲ್ಲಿ ತಂದೆ ಪಂಜವನ್ನು ಹುಡುಕಿ ಹಿಡಿದು ಏನನ್ನೋ ಬೇಡುತ್ತಾನೆ. ಸದ್ದು ನಿಲ್ಲುತ್ತದೆ. ತೆರೆದ ಬಾಗಿಲಾಚೆ ಬೀದಿದೀಪದ ಬೆಳಕಿನಲ್ಲಿ ನಿರ್ಜನ ರಸ್ತೆ.

ಕಥೆಯ ಭಾರವೆಲ್ಲ ಆ ಕೆಲವು ಕ್ಷಣಗಳ ಮೇಲಿದೆ. ತಾಯಿಗೆ ಬೇಕಾದದ್ದು ಮಗ; ಅವನು ಯಾವ ರೂಪದಲ್ಲಿ ಬಂದರೂ ಸರಿ. ತಂದೆಯಾದರೋ ಛಿದ್ರವಾದ ಆ ದೇಹವನ್ನು ಬಟ್ಟೆಯಿಂದ ಮಾತ್ರ ಗುರುತಿಸಿದ್ದವನು. ಕಂಡವನೊಬ್ಬ, ಕಾಣದವಳೊಬ್ಬಳು, ಇಬ್ಬರದೂ ಪ್ರೀತಿಯೇ. ತೀವ್ರನಿಗಾ ಘಟಕದ ಹೊರಗೆ ಒಂದೇ ಕುಟುಂಬದವರು ಹೀಗೆ ಎರಡು ಕಡೆ ನಿಲ್ಲುವುದನ್ನು ನಾನು ಕಂಡಿದ್ದೇನೆ. ಹೇಗಾದರೂ ಉಳಿಸಿಕೊಡಿ ಎನ್ನುವವರೂ, ಇನ್ನು ಸಾಕು ಎನ್ನುವವರೂ ಒಬ್ಬನಿಗಾಗಿಯೇ ಅಳುತ್ತಿರುತ್ತಾರೆ. ಜೇಕಬ್ಸ್ ಇವರಲ್ಲಿ ಯಾರನ್ನೂ ತಪ್ಪಿತಸ್ಥರನ್ನಾಗಿಸುವುದಿಲ್ಲ. ದೆವ್ವದ ಭಯ ಕಳೆದ ವಯಸ್ಸಿನಲ್ಲೂ ಈ ಕಥೆ ನಮ್ಮನ್ನು ಹಿಡಿದು ನಿಲ್ಲಿಸುವುದು ಈ ಕಾರಣಕ್ಕೆ.